ತಪ್ಪು ಕಾಣಿಕೆ

ಗಂಜಿ ತಿಳಿಯಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಹೋದಾಗ ಒಂದು ವಾಸನೆ ಏಳುತ್ತದೆ. ಕುಚ್ಚಲಕ್ಕಿ ಅನ್ನ ತಳ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುವ ವಾಸನೆ ಅದು. ಕಳೆದ ತಿಂಗಳು ತಮ್ಮನ ಮೊಮ್ಮಗಳು ನಮ್ಮಲ್ಲಿಗೆ ಬಂದವಳು ಬೆಳಿಗ್ಗೆ ತನ್ನ ಬಿಳಿ ಕುತ್ತಿಗೆಪಟ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಈ ವರ್ಷವೇ ಸನದು ಪಡೆದ ವಕೀಲೆ. ಅಂಗಡಿಯ ಗಂಜಿಪುಡಿ ಮನೆಯಲ್ಲಿ ಇರಲಿಲ್ಲವೆಂದು ನನ್ನ ಹೆಂಡತಿ ಅವಳಿಗೆ ಹಳೆಯ ಉಪಾಯ ಹೇಳಿಕೊಟ್ಟಿದ್ದಳಂತೆ. ಪೇಪರು ಓದುತ್ತಿದ್ದ ನಾನು ಕನ್ನಡಕ ತೆಗೆದು ಕೆಳಗಿಟ್ಟೆ. ಅರವತ್ತು ವರ್ಷಗಳ ಹಿಂದಿನ ಒಬ್ಬರು ಬಂದು ಬಾಗಿಲಲ್ಲಿ ನಿಂತ ಹಾಗಾಯಿತು...

ಹುಡುಗಿ ಇಸ್ತ್ರಿ ಹಾಕುತ್ತಲೇ ತನ್ನ ಪರೀಕ್ಷೆಯ ಸುದ್ದಿ ಹೇಳುತ್ತಿದ್ದಳು. ವಕೀಲರ ನಡತೆಯ ನಿಯಮಗಳು ವಕೀಲನಿಗೆ ಹಕ್ಕು ಕೊಡುತ್ತವೆಯೋ ಅಥವಾ ಬರೀ ಕರ್ತವ್ಯ ಹೊರಿಸುತ್ತವೆಯೋ ಎಂದು ಒಂದು ಪ್ರಶ್ನೆ ಬಂದಿತ್ತಂತೆ. ಎರಡೂ ಎಂದು ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಪರೀಕ್ಷೆಯಲ್ಲಿ ‘ಎರಡೂ’ ಎಂದು ಬರೆದವರಿಗೆ ಯಾವ ಕಾಲಕ್ಕೂ ಅಂಕ ಬರುತ್ತದೆ. ನಾನು ಒಳ್ಳೆಯದಾಯಿತು ಎಂದಷ್ಟೇ ಹೇಳಿದೆ. ಇದೇ ಪ್ರಶ್ನೆಯನ್ನು ನಾನು ಒಬ್ಬರ ಹತ್ತಿರ ಕೇಳಿದ್ದೆ, ಅದೂ ತಮಾಷೆಗೆ. ಅವರು ಕೊಟ್ಟ ಉತ್ತರ ತಮಾಷೆಯಾಗಿ ಉಳಿಯಲಿಲ್ಲ.

ಅವರು ನನ್ನ ಸೀನಿಯರ್. ಹೆಸರು ಬೇಡ, ಅವರಿಗೆ ಹಿಡಿಸುತ್ತಿರಲಿಲ್ಲ. ನರಿಕೊಂಬಿನ ತಮ್ಮ ಮನೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಂಟ್ವಾಳ ಪೇಟೆಗೆ ಬರುತ್ತಿದ್ದರು. ಕಚ್ಚೆಪಂಚೆ, ಕಪ್ಪು ಕೋಟು, ಕುತ್ತಿಗೆಗೆ ಅವರ ಹೆಂಡತಿ ಗಂಜಿ ಹಾಕಿ ಹಲಗೆಯ ಹಾಗೆ ಮಾಡಿಕೊಟ್ಟ ಬಿಳಿ ಪಟ್ಟಿ. ಭಾರಿ ಮಾತುಗಾರರು. ದೋಣಿ ಹತ್ತಿದವರು ಇಳಿಯುವಷ್ಟರಲ್ಲಿ ಒಂದು ಕಥೆ ಮುಗಿಸುತ್ತಿದ್ದರು. ಕೋರ್ಟಿನ ಹಳೆಯ ಅಮೀನರು, ನಿದ್ದೆ ಹೋಗುವ ಮುನ್ಸಿಫರು, ಸಾಕ್ಷಿ ಹೇಳಲು ಬಂದು ಮೂರ್ಛೆ ಹೋದ ಗುತ್ತಿನ ಮನೆತನದ ಯಜಮಾನರು, ಎಲ್ಲರೂ ಅವರ ಕಥೆಯಲ್ಲಿ ಬರುತ್ತಿದ್ದರು. ಕಕ್ಷಿಗಾರನ ಗುಟ್ಟು ಮಾತ್ರ ಅಪ್ಪಿತಪ್ಪಿಯೂ ಬರುತ್ತಿರಲಿಲ್ಲ. ಮದರಾಸಿನಲ್ಲಿ ಕಾನೂನು ಓದಿ ಬಂದ ಹುರುಪಿನಲ್ಲಿದ್ದ ನನಗೆ ಅವರ ಕಚೇರಿಯೆಂದರೆ ಹಬ್ಬದ ಮನೆ. ಗಳಿಕೆ ಅಷ್ಟಕ್ಕಷ್ಟೇ ಆದರೂ ನಗುವಿಗೆ ಬರವಿರಲಿಲ್ಲ.

ಆಗ ವಕೀಲರ ಹೊಸ ಕಾಯ್ದೆ ಬಂದ ಹೊಸತು. ವಕೀಲನಾದವನು ಹೇಗೆ ನಡೆಯಬೇಕು ಎಂಬ ನಿಯಮಗಳ ಬಗ್ಗೆ ಎಲ್ಲ ಕಡೆಯೂ ಮಾತು ನಡೆಯುತ್ತಿತ್ತು. ಕೋರ್ಟಿಗೆ ಸಲ್ಲಿಸಬೇಕಾದ ಕರ್ತವ್ಯ, ಕಕ್ಷಿಗಾರನಿಗೆ ಸಲ್ಲಿಸಬೇಕಾದ ಕರ್ತವ್ಯ, ಎದುರು ಕಕ್ಷಿಗೆ, ಜೊತೆಯ ವಕೀಲರಿಗೆ... ಓದುತ್ತ ಹೋದರೆ ಬರೀ ಕರ್ತವ್ಯವೇ. ಒಂದು ಮಧ್ಯಾಹ್ನ ನಾನು ಅವರನ್ನು ಕೆಣಕಿದೆ. ಗದ್ದೆ ಕೆಲಸಕ್ಕೆ ಬರುವವನಿಗೂ ಮಧ್ಯಾಹ್ನದ ಗಂಜಿ ಕೇಳುವ ಹಕ್ಕು ಇದೆ, ನಮಗೆ ಏನೂ ಇಲ್ಲವಲ್ಲ ಸಾರ್, ಎಂದೆ. ಅವರು ವೀಳ್ಯದೆಲೆಯ ನಾರು ತೆಗೆಯುತ್ತ ನಕ್ಕರು.

“ಹಕ್ಕು ಬೇಕಾದವ ಕಕ್ಷಿಗಾರ ಆಗ್ಬೇಕು ಮಾರಾಯ, ವಕೀಲ ಆಗ್ಬಾರ್ದು” ಎಂದರು. ಕಕ್ಷಿಗಾರನ ಹಕ್ಕು ಕಾಯುವುದೇ ನಮ್ಮ ಕೆಲಸ, ಕಾವಲುಗಾರನಿಗೆ ತೋಟದ ಬೊಂಡ, ಎಂದರೆ ಎಳನೀರು, ಕೊಯ್ಯುವ ಹಕ್ಕು ಉಂಟೋ ಎಂದು ಕೇಳಿದರು. ನಾನು ಈ ಮಾತನ್ನು ವಕೀಲರ ಬಾರಿನ ಕೋಣೆಯಲ್ಲಿ ಎಷ್ಟೋ ದಿನ ಹೇಳಿಕೊಂಡು ನಗಿಸಿದೆ.

ಆ ಹೊತ್ತಿಗೆ ಅವರ ಕೈಯಲ್ಲಿ ಒಂದು ಗೇಣಿಯ ಕೇಸು ಇತ್ತು. ಕಕ್ಷಿಗಾರರು ಮೂಡುಬಿದಿರೆಯ ಕಡೆಯ ಒಬ್ಬ ಧನಿಗಳು. ಕೆಟ್ಟ ಮನುಷ್ಯ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಶಾಲೆಗೆ ಜಾಗ ಕೊಟ್ಟವರು, ಸೋಮವಾರ ಒಪ್ಪೊತ್ತು ಉಣ್ಣುವವರು. ನನ್ನಂಥ ಎಳೆಯ ವಕೀಲನನ್ನೂ ‘ನೀವು’ ಎಂದೇ ಮಾತಾಡಿಸುವವರು. ಬೆಳ್ತಂಗಡಿಯ ಆಚೆ ತೋಡಿನ ಬದಿಯಲ್ಲಿ ಅವರಿಗೆ ಎರಡು ಬೆಳೆಯ ಗದ್ದೆ ಇತ್ತು. ಅದನ್ನು ಒಂದು ಒಕ್ಕಲು ಕುಟುಂಬ ಅಪ್ಪನ ಕಾಲದಿಂದ ಗೇಣಿಗೆ ಮಾಡಿಕೊಂಡು ಬಂದಿತ್ತು. ಒಕ್ಕಲಿನ ಗಂಡಸು ದೀರ್ಘ ಜ್ವರದಲ್ಲಿ ತೀರಿಕೊಂಡ. ಉಳಿದವಳು ಹೆಂಡತಿ ಒಬ್ಬಳೇ, ಮಕ್ಕಳಿರಲಿಲ್ಲ. ಗದ್ದೆಯ ಅಂಚಿನಲ್ಲೇ ಅವಳ ಗುಡಿಸಲು.

ಉಳುವವನಿಗೇ ಭೂಮಿ ಕೊಡುವ ಕಾನೂನು ಬರುತ್ತದಂತೆ ಎಂಬ ಸುದ್ದಿ ಆಗಲೇ ಗಾಳಿಯಲ್ಲಿತ್ತು. ಜಾಣ ಧನಿಗಳು ಒಬ್ಬೊಬ್ಬರಾಗಿ ಗದ್ದೆ ಬಿಡಿಸಿಕೊಳ್ಳುತ್ತಿದ್ದರು. ನಮ್ಮ ಧನಿಗಳು ಹೇಳಿದ್ದು ಇಷ್ಟು: ಒಕ್ಕಲಿನವ ಸಾಯುವ ಮುಂಚಿನ ದಿನ ತಾನು ಅವನನ್ನು ನೋಡಲು ಹೋಗಿದ್ದೆ, ಆಗ ಅವನು, ನನ್ನ ಹೆಂಡತಿಯಿಂದ ಇದು ಸಾಗದು, ಗದ್ದೆಯನ್ನು ನೀವೇ ತೆಗೆದುಕೊಳ್ಳಿ ಎಂದು ಬಾಯಿಮಾತಿನಲ್ಲಿ ಒಪ್ಪಿಸಿಬಿಟ್ಟ. ಹೆಂಡತಿ ಹೇಳಿದ್ದು, ನಾನು ಅಲ್ಲೇ ಇದ್ದೆ, ಅವರು ಅಂಥ ಮಾತು ಆಡಲೇ ಇಲ್ಲ. ಇಡೀ ಕೇಸು ಸಾಯುವವನ ಒಂದು ಮಾತಿನ ಮೇಲೆ ನಿಂತಿತ್ತು.

ಧನಿಗಳ ಪರವಾಗಿ ಬಂದ ಸಾಕ್ಷಿ ಎದುರು ವಕೀಲರ ಪಾಟೀಸವಾಲಿನಲ್ಲಿ ಹಣ್ಣುಗಾಯಿ ಆದ. ತಾನು ಆ ದಿನ ಗುಡಿಸಲಿನ ಒಳಗೆ ಹೋಗಿಯೇ ಇರಲಿಲ್ಲ ಎಂದು ಕೊನೆಗೆ ಒಪ್ಪಿಕೊಂಡ. ಮುನ್ಸಿಫರು ಅವನನ್ನು ನೋಡಿದ ನೋಟದಲ್ಲೇ ತೀರ್ಪು ಎತ್ತ ವಾಲುತ್ತದೆ ಎಂದು ಗೊತ್ತಾಗುತ್ತಿತ್ತು. ಆಗಲೂ ನನ್ನ ಸೀನಿಯರ್‌ಗೆ ತಮ್ಮ ಕಕ್ಷಿಗಾರನ ಮೇಲೆ ನಂಬಿಕೆ ಹೋಗಿರಲಿಲ್ಲ. ಸಾಕ್ಷಿ ಹುಟ್ಟಿಸಲು ಹೋದದ್ದು ದಡ್ಡತನ, ಆದರೆ ಮಾತು ನಿಜವೇ ಇರಬೇಕು ಎಂದು ನನ್ನ ಹತ್ತಿರ ಹೇಳಿದ್ದರು.

ಗೆಲ್ಲುವ ಕೇಸನ್ನು ಆ ಹೆಂಗಸು ತಾನೇ ಕೈಯಾರೆ ಬಿಟ್ಟಳು. ಆಗಿನ ಕಾನೂನಿನಲ್ಲಿ ಒಂದು ದಾರಿ ಇತ್ತು. ಎದುರಿನವನು ಇಂಥ ದೇವರ ಮುಂದೆ ಪ್ರಮಾಣ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ ಎಂದು ಒಬ್ಬ ಕಕ್ಷಿ ಕೋರ್ಟಿನಲ್ಲಿ ಹೇಳಬಹುದು. ಎದುರಿನವನು ಆಗಲಿ ಎಂದರೆ ಮತ್ತೆ ಸಾಕ್ಷಿ ಬೇಡ, ಪ್ರಮಾಣದ ಮಾತೇ ಅಂತಿಮ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬಹಳ ಬೆಲೆ. ಕೋರ್ಟಿನ ಕಟಕಟೆಯಲ್ಲಿ ನೀರು ಕುಡಿದ ಹಾಗೆ ಸುಳ್ಳು ಹೇಳುವವನೂ ದೈವದ ಎದುರು ಒದ್ದೆ ಬಟ್ಟೆಯಲ್ಲಿ ನಿಂತರೆ ನಡುಗುತ್ತಿದ್ದ. ಬೇರೆ ಊರಿನಿಂದ ಬಂದ ಮುನ್ಸಿಫರುಗಳು ಇದನ್ನು ಕಂಡು ಬೆರಗಾಗುತ್ತಿದ್ದರು.

ಅವಳು ಎದ್ದು ನಿಂತು ತುಳುವಿನಲ್ಲಿ ಹೇಳಿದ ಮಾತನ್ನು ಕನ್ನಡ ಮಾಡಿ ಬರೆಯುತ್ತೇನೆ. “ಧನಿಗಳು ನಮ್ಮ ಊರಿನ ದೈವದ ಎದುರು ನಿಂತು ಇದೇ ಮಾತು ಹೇಳ್ಲಿ. ಹೇಳಿದ್ರೆ ನಾನು ಗದ್ದೆಯಿಂದ ಇಳಿದು ಹೋಗ್ತೇನೆ.” ಅವಳ ವಕೀಲರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಬೇಡ, ನಮಗೆ ಇದರ ಅಗತ್ಯ ಇಲ್ಲ ಎಂದು ಪಿಸುಗುಟ್ಟಿದರು, ವಾಯಿದೆ ಕೇಳಿದರು. ಅವಳು ಒಪ್ಪಲಿಲ್ಲ. ಕೋರ್ಟಿನಲ್ಲಿ ಗೆದ್ದರೆ ವಕೀಲರ ಬಾಯಿಯಿಂದ ಗೆದ್ದಳು ಎನ್ನುತ್ತಾರೆ, ದೈವದ ಎದುರು ಧನಿಗಳು ಹಿಂದೆ ಸರಿದರೆ ಊರೇ ನಂಬುತ್ತದೆ ಎಂಬುದು ಅವಳ ಲೆಕ್ಕ. ಧನಿಗಳು ಪ್ರಮಾಣಕ್ಕೆ ಬರುವುದಿಲ್ಲ ಎಂಬ ಬಗ್ಗೆ ಅವಳಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಧನಿಗಳು ಹೆಗಲಿನ ಶಲ್ಯ ಸರಿಪಡಿಸಿಕೊಂಡರು. ಮತ್ತೆ ಆಗಬಹುದು ಎಂದರು.

ಆ ದಿನ ಸಂಜೆ ಧನಿಗಳು ಕಚೇರಿಗೆ ಬಂದರು. ಸೀನಿಯರ್ ಅವರನ್ನು ಒಳಕೋಣೆಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಮುಚ್ಚಿತು. ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಸಲ ಸೀನಿಯರ್‌ ಅವರ ಧ್ವನಿ ಏರಿತು, ಮಾತು ಕೇಳಿಸಲಿಲ್ಲ. ಕೊನೆಗೆ ಧನಿಗಳು ಹೊರಗೆ ಬಂದು, ಮೆಟ್ಟು ಹಾಕಿಕೊಂಡು, ನನಗೆ ಬರ್ತೇನೆ ಎಂದು ಹೇಳಿ ಬಸ್ಸಿಗೆ ಹೋದರು. ಒಳಗೆ ಏನು ಮಾತಾಯಿತು ಎಂದು ನನಗೆ ಯಾರೂ ಹೇಳಲಿಲ್ಲ, ಆವತ್ತೂ ಇಲ್ಲ, ಆಮೇಲೂ ಇಲ್ಲ. ಆದರೆ ನನ್ನ ಸೀನಿಯರ್ ಹೊರಗೆ ಬಂದಾಗಿನ ಮುಖ ನೋಡಿದ ಯಾರಿಗೇ ಆದರೂ ಅರ್ಥವಾಗುತ್ತಿತ್ತು. ಒಕ್ಕಲಿನವ ಆ ಮಾತು ಆಡಿರಲಿಲ್ಲ. ಧನಿಗಳು ಅದನ್ನು ಅವರ ಹತ್ತಿರ ಒಪ್ಪಿಕೊಂಡಿದ್ದರು. ಆದರೂ ಪ್ರಮಾಣ ಮಾಡಲಿಕ್ಕೆ ಹೊರಟಿದ್ದರು.

“ವಕಾಲತ್ತು ಬಿಡುವ ಅರ್ಜಿ ಬರೆ” ಎಂದರು. ಕಾರಣ ಏನು ಹಾಕಲಿ ಎಂದು ಕೇಳಿದೆ. ಸ್ವಂತ ಕಾರಣ ಎಂದು ಹಾಕು ಎಂದರು.

ಮುಂದಿನ ದಿನಗಳಲ್ಲಿ ನಾವಿಬ್ಬರೂ ಒಂದು ವಿಚಿತ್ರ ವಾದ ಮಾಡಿದೆವು. ಆ ಕೇಸಿನ ಸುದ್ದಿ ಎತ್ತುವ ಹಾಗಿರಲಿಲ್ಲ. ಆದ್ದರಿಂದ ನಾನು ‘ಒಬ್ಬ ಕಕ್ಷಿಗಾರ ಹೀಗೆ ಹೇಳಿದ ಎಂದಿಟ್ಟುಕೊಳ್ಳುವ’ ಎಂದು ಶುರು ಮಾಡುತ್ತಿದ್ದೆ. ಅವರೂ ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಿದ್ದರು. ಕಕ್ಷಿಗಾರ ಹೇಳಿದ ಗುಟ್ಟನ್ನು ವಕೀಲ ಬಿಟ್ಟುಕೊಡಬಾರದು, ಸರಿ. ಆದರೆ ಮುಂದೆ ಮಾಡಲಿರುವ ಅನ್ಯಾಯಕ್ಕೆ ಸಹಾಯ ಕೇಳಿ ಹೇಳಿದ ಮಾತಿಗೆ ಆ ಮರೆ ಇಲ್ಲ ಎಂದು ಸಾಕ್ಷ್ಯದ ಕಾಯ್ದೆಯಲ್ಲೇ ಇದೆಯಲ್ಲ ಎಂದು ನಾನು ಪುಸ್ತಕ ತೆರೆದು ತೋರಿಸಿದೆ. ಅವರಿಗೆ ಅದು ಬಾಯಿಪಾಠ ಇತ್ತು.

ಸಹಾಯ ಕೇಳಲು ಹೇಳಿದನೋ, ಹೆದರಿ ಮನಸ್ಸು ತಡೆಯದೆ ಹೇಳಿದನೋ ಎಂದು ತೀರ್ಮಾನ ಮಾಡುವವರು ಯಾರು ಎಂದು ಅವರು ಕೇಳಿದರು. “ಅದನ್ನು ನಾನೇ ತೀರ್ಮಾನ ಮಾಡಿ ಬಾಯಿ ಬಿಟ್ರೆ, ನಾಳೆ ಹೆದರಿದವ ಒಬ್ಬನೂ ವಕೀಲನ ಮನೆ ಮೆಟ್ಲು ಹತ್ಲಿಕ್ಕಿಲ್ಲ. ತಪ್ಪು ಮಾಡ್ಬೇಡ ಅಂತ ಹೇಳುವ ಅವಕಾಶವೂ ನಮಗೆ ಇರ್ಲಿಕ್ಕಿಲ್ಲ.” ಹಾಗಾದರೆ ಈಗ ಹೇಳಿ ಏನು ಪ್ರಯೋಜನ ಆಯಿತು, ಅವ ಕೇಳಿದನೇ ಎಂದು ನಾನು ಒರಟಾಗಿ ಕೇಳಿದೆ. ಅವರು ಪುಸ್ತಕ ಮುಚ್ಚಿ ನನ್ನ ಕಡೆಗೆ ಸರಿಸಿದರು. ಸುಮ್ಮನಿರುವ ಹಕ್ಕು ನಿಮಗೆ ಉಂಟು ಎಂದೆ, ಸಮಾಧಾನ ಮಾಡಲು. ಅವರು ತಲೆ ಅಲ್ಲಾಡಿಸಿದರು. ಹಕ್ಕು ಆಗಿದ್ದರೆ ಬೇಡವೆಂದಾಗ ಬಿಟ್ಟುಬಿಡಬಹುದಿತ್ತು, ಇದನ್ನು ಬಿಡಲಿಕ್ಕೆ ಆಗುವುದಿಲ್ಲ, ಬಿಡುವ ಅಧಿಕಾರ ಕಕ್ಷಿಗಾರನ ಹತ್ತಿರ ಉಂಟು ಎಂದರು. ಅವರ ಸ್ಥಿತಿ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನದ್ದು. ನನಗೆ ಆಗ ಅವರ ಮೇಲೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಇಕ್ಕಟ್ಟಾದರೂ ಒಂದು ಬಾಗಿಲು ತೆರೆದಿತ್ತು, ಇವರು ನುಗ್ಗಲಿಲ್ಲ ಎಂದು ಇವತ್ತಿಗೂ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಎಷ್ಟೋ ಕಕ್ಷಿಗಾರರು ನನ್ನ ಎದುರು ಕೂತು ಅತ್ತು ನಿಜ ಹೇಳಿದ್ದಾರೆ, ಆಗೆಲ್ಲ ಸೀನಿಯರ್ ಸರಿ ಎಂದೂ ಅನಿಸಿದೆ. ಇದು ನನಗೆ ಈ ವಯಸ್ಸಿಗೂ ಬಗೆಹರಿದಿಲ್ಲ.

ಬಾರಿನಲ್ಲಿ ತಲೆಗೊಂದು ಮಾತು. ಎದುರು ಪಕ್ಷದಿಂದ ತಿಂದಿದ್ದಾರೆ ಎಂದು ಒಬ್ಬರು, ಆ ಹೆಂಗಸಿನ ಹತ್ತಿರ ಕೊಡಲಿಕ್ಕೆ ಏನಿದೆ, ಒಂದು ಬುಟ್ಟಿ ಬಸಳೆ ಕೊಟ್ಟಿರಬೇಕು ಎಂದು ಇನ್ನೊಬ್ಬರು. ಅವರ ಕಿವಿಗೂ ಬಿತ್ತು. ಉತ್ತರ ಕೊಡುವ ಹಾಗಿರಲಿಲ್ಲ. ಧನಿಗಳಿಗೆ ಬೇರೆ ವಕೀಲರು ಸಿಕ್ಕಿದರು. ಅವರಿಗೆ ಪಾಪ ಯಾವ ಗುಟ್ಟೂ ಗೊತ್ತಿಲ್ಲ.

ಪ್ರಮಾಣದ ದಿನ ನಾನು ಬೆಳ್ತಂಗಡಿಯ ಬಸ್ಸಿಗೆ ನಿಂತಿದ್ದಾಗ ಸೀನಿಯರ್ ಕೋಟಿಲ್ಲದೆ, ಹೆಗಲಿಗೊಂದು ಶಲ್ಯ ಹಾಕಿಕೊಂಡು ಬಂದರು. ನಾನೂ ಬರ್ತೇನೆ ಎಂದರು. ದಾರಿಯುದ್ದಕ್ಕೂ ಒಂದು ಕಥೆಯೂ ಬರಲಿಲ್ಲ. ಪುಂಜಾಲಕಟ್ಟೆ ದಾಟಿದ ಮೇಲೆ, ಅವನು ನನ್ನ ಮುಖ ನೋಡಲಿ, ಅಷ್ಟೇ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬಾಯಿಯಿಂದ ಹೇಳಲಾಗದ್ದನ್ನು ಎದುರಿಗೆ ನಿಂತು ಹೇಳಬಹುದೆಂಬ ಆಸೆ ಅವರಿಗೆ ಇತ್ತು.

ದೈವಸ್ಥಾನದ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಕೋರ್ಟಿನಿಂದ ನೇಮಿಸಿದ ಕಮಿಷನರು ಕಾಗದ ಹಿಡಿದುಕೊಂಡು ಒಂದು ಬೆಂಚಿನಲ್ಲಿ ಕೂತಿದ್ದರು. ಆ ಹೆಂಗಸು ಒಗೆದ ಸೀರೆ ಉಟ್ಟು ಒಂದು ಬದಿಯಲ್ಲಿ ನಿಂತಿದ್ದಳು. ಮುಖದಲ್ಲಿ ಒಂದು ರೀತಿಯ ನಿಶ್ಚಿಂತೆ. ಧನಿಗಳು ಬಾವಿಕಟ್ಟೆಯಲ್ಲಿ ಮಿಂದು ನೀರು ಸುರಿಯುತ್ತ ಬಂದರು. ದೈವದ ನಡೆಯ, ಎಂದರೆ ಗುಡಿಯ ಬಾಗಿಲಿನ, ಹತ್ತಿರ ಬಂದಾಗ ನನ್ನ ಸೀನಿಯರ್ ಕಂಡರು. ಧನಿಗಳ ಕಾಲು ನಿಂತಿತು. ಅರ್ಚಕರು ಗಂಧಪ್ರಸಾದ ಕೊಡಲು ಕೈ ಚಾಚಿದವರು ಹಾಗೆಯೇ ಕಾಯಬೇಕಾಯಿತು. ಜನ ತಮ್ಮ ತಮ್ಮಲ್ಲಿ ಮಾತಾಡತೊಡಗಿದರು. ಆ ಹೆಂಗಸು ಕೈ ಮುಗಿದಳು, ದೈವಕ್ಕೋ ಧನಿಗಳಿಗೋ ನನಗೆ ಗೊತ್ತಾಗಲಿಲ್ಲ. ಈಗ ಹಿಂದೆ ಸರಿಯುತ್ತಾರೆ, ಈಗ ಸರಿಯುತ್ತಾರೆ ಎಂದು ನಾನು ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೆ.

ಧನಿಗಳು ಪ್ರಸಾದ ತೆಗೆದುಕೊಂಡು, ಒಕ್ಕಲಿನವ ತನ್ನ ಬಾಯಿಯಿಂದ ಗದ್ದೆ ಒಪ್ಪಿಸಿದ್ದು ಸತ್ಯ ಎಂದು ಹೇಳಿದರು. ಧ್ವನಿ ಸಣ್ಣಗಿತ್ತು, ಆದರೆ ನಡುಗಲಿಲ್ಲ. ಹೆಂಗಸು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಅತ್ತಳೆಂದು ನೆನಪಿಲ್ಲ. ಧನಿಗಳನ್ನೇ ನೋಡುತ್ತಿದ್ದಳು, ಏನೋ ಆಗಲಿದೆ ಎಂದು ಕಾಯುವವರ ಹಾಗೆ. ಏನೂ ಆಗಲಿಲ್ಲ. ಧನಿಗಳು ಬಟ್ಟೆ ಬದಲಾಯಿಸಿ ಬಾಡಿಗೆ ಕಾರು ಹತ್ತಿದರು.

‘ಗೆದ್ದವ ಸೋತ, ಸೋತವ ಸತ್ತ’ ಎಂದು ಕೋರ್ಟಿನ ಬಗ್ಗೆ ಒಂದು ಗಾದೆ ಇದೆ. ಇಲ್ಲಿ ಗೆದ್ದವರು ಸೋಲಲಿಲ್ಲ. ಸುಳ್ಳು ಪ್ರಮಾಣ ಮಾಡಿದವನಿಗೆ ವರ್ಷ ಮುಗಿಯುವುದರೊಳಗೆ ಹಾವು ಕಚ್ಚುತ್ತದೆ, ಕಣ್ಣು ಹೋಗುತ್ತದೆ ಎಂದು ನಂಬಿದ ಜನ ಕಾದು ನೋಡಿದರು. ಧನಿಗಳಿಗೆ ನೆಗಡಿ ಕೂಡ ಬರಲಿಲ್ಲ. ಮಗಳ ಮದುವೆ ಆಯಿತು, ಹಂಚಿನ ಮನೆಗೆ ಉಪ್ಪರಿಗೆ ಬಂತು. ಅಂದ ಮೇಲೆ ಸುಳ್ಳು ಹೇಳಿದವರು ಯಾರು? ಊರಿನವರಿಗೆ ಅದರ ಉತ್ತರ ಸುಲಭವಾಗಿ ಸಿಕ್ಕಿತು. ಗದ್ದೆ ಬಿಟ್ಟು ದೂರದ ಸಂಬಂಧಿಕರ ಕೊಟ್ಟಿಗೆಯಲ್ಲಿ ಇದ್ದ ಅವಳನ್ನು ನೇಜಿ ನೆಡಲು ಕರೆಯುವುದನ್ನು ಜನ ಬಿಟ್ಟರು. ದೈವದ ಹೆಸರು ಎತ್ತಿ ಧನಿಗಳಿಗೆ ಕಳಂಕ ತಂದವಳು ನೆಟ್ಟ ಪೈರು ನಮಗೆ ಬೇಡ ಎಂದರಂತೆ. ಪ್ರಸಾದ ಹಂಚುವಾಗಲೂ ಅವಳನ್ನು ಬಿಟ್ಟು ಮುಂದೆ ಹೋಗುತ್ತಿದ್ದರಂತೆ.

ಮಳೆಗಾಲ ಮುಗಿಯುತ್ತ ಬಂದ ಒಂದು ದಿನ ಅವಳು ನಮ್ಮ ಕಚೇರಿಯ ಚಾವಡಿಗೆ ಬಂದಳು. ಎಷ್ಟು ಬಡವಾಗಿದ್ದಳೆಂದರೆ ನನಗೆ ಗುರುತೇ ಸಿಗಲಿಲ್ಲ. ಸೀನಿಯರ್ ಎದ್ದು ಬಂದು ಕೂರಲು ಹೇಳಿದರು. ಕೂರಲಿಲ್ಲ. ಗದ್ದೆ ಕೇಳಲು ಬಂದದ್ದಲ್ಲ ಎಂದು ಮೊದಲೇ ಹೇಳಿದಳು. ಅವಳಿಗೆ ಬೇಕಾದದ್ದು ಒಂದು ಮಾತು. ಗಂಡ ಸಾಯುವ ಮುಂಚಿನ ದಿನ ಧನಿಗಳು ಬಂದಿದ್ದಾಗ ತಾನು ಪೂರ್ತಿ ಹೊತ್ತು ಅಲ್ಲೇ ಇದ್ದೆ ಎಂದು ಕೋರ್ಟಿನಲ್ಲಿ ಹೇಳಿದ್ದಳು. ಆದರೆ ಈಗ ಯೋಚಿಸಿದರೆ, ಧನಿಗಳಿಗೆ ಕುಡಿಯಲು ಕೊಡಲೆಂದು ಒಮ್ಮೆ ಬಾವಿಗೆ ಹೋಗಿದ್ದೆನೋ ಏನೋ ಅನಿಸುತ್ತದೆ. ಆ ಹೊತ್ತಿನಲ್ಲಿ ಗಂಡ ಹಾಗೆ ಹೇಳಿರಬಹುದೇ? ಹೇಳಿದ್ದರೆ ತಪ್ಪು ತನ್ನದು, ದೈವಕ್ಕೆ ತಪ್ಪು ಕಾಣಿಕೆ ಹಾಕಿ ಮುಗಿಸಿಬಿಡಬೇಕು. ಹೇಳದಿದ್ದರೆ ಹಾಕಬಾರದು, ಹಾಕಿದರೆ ಸತ್ತ ಗಂಡನ ಮೇಲೆ ಸುಳ್ಳು ಹೊರಿಸಿದ ಹಾಗೆ. ತಪ್ಪು ಕಾಣಿಕೆ ಎಂದರೆ ನಮ್ಮಲ್ಲಿ ದೈವದ ಎದುರು ತಪ್ಪೊಪ್ಪಿಕೊಂಡು ಇಡುವ ಕಾಣಿಕೆ. ನಾಲ್ಕು ಜನರ ಎದುರು ಇಡಬೇಕು. ಇಟ್ಟ ಮೇಲೆ ಊರು ಮತ್ತೆ ಸೇರಿಸಿಕೊಳ್ಳುತ್ತದೆ, ಆದರೆ ತಪ್ಪು ಇಟ್ಟವರದೇ ಎಂದು ಶಾಶ್ವತವಾಗಿ ನಿಶ್ಚಯವಾಗುತ್ತದೆ.

“ನೀವು ಯಾಕೆ ಆ ಕೇಸು ಬಿಟ್ರಿ ವಕೀಲರೇ? ನಿಮಗೆ ಗೊತ್ತುಂಟು. ನನ್ನ ಗಂಡ ಹಾಗೆ ಹೇಳಿದ್ರಾ, ಇಲ್ವಾ?”

ಒಂದೇ ಒಂದು ‘ಇಲ್ಲ’ ಅವಳಿಗೆ ಸಾಕಿತ್ತು. ಗದ್ದೆ ಬರುತ್ತಿರಲಿಲ್ಲ, ಊರು ನಂಬುತ್ತಿರಲಿಲ್ಲ, ಆದರೆ ಅವಳಿಗೆ ಅವಳು ಸಿಗುತ್ತಿದ್ದಳು. ನಾನು ಸೀನಿಯರ್ ಮುಖವನ್ನೇ ನೋಡುತ್ತಿದ್ದೆ. ಅವರು, ಒಂದು ವಾರ ಬಿಟ್ಟು ಬನ್ನಿ ಅಮ್ಮಾ, ಎಂದರು.

ಮರುದಿನವೇ ನನ್ನನ್ನು ಕರೆದುಕೊಂಡು ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಮೂಡುಬಿದಿರೆಗೆ ಹೊರಟರು. ಗುಟ್ಟಿನ ಯಜಮಾನ ಕಕ್ಷಿಗಾರ. ಅವನು ಒಪ್ಪಿದರೆ ವಕೀಲ ಬಾಯಿ ಬಿಡಬಹುದು. ಆ ಒಪ್ಪಿಗೆ ಬೇಡಲು ಹೊರಟಿದ್ದರು. ಧನಿಗಳು ಬಾಗಿಲಿಗೆ ಬಂದು ಎದುರುಗೊಂಡರು, ಬೆಲ್ಲ ನೀರು ತರಿಸಿದರು, ಮಕ್ಕಳ ಓದು ವಿಚಾರಿಸಿದರು. ಸೀನಿಯರ್ ಬಂದ ಕಾರಣ ಹೇಳಿದರು. ಕೋರ್ಟಿಗೆ ಹೋಗುವುದಿಲ್ಲ, ಗದ್ದೆ ನಿಮ್ಮ ಹತ್ತಿರವೇ ಇರಲಿ, ಆ ಹೆಂಗಸಿಗೆ ಒಬ್ಬಳಿಗೆ ಒಂದು ಮಾತು ಹೇಳಲು ಅನುಮತಿ ಕೊಡಿ ಎಂದು ಕೈ ಮುಗಿದರು. ಕೋರ್ಟಿನಲ್ಲಿ ಜಡ್ಜಿಗೆ ಬಿಟ್ಟು ಮತ್ತಾರಿಗೂ ಬಗ್ಗದವರು ಆ ಚಾವಡಿಯ ಬೆಂಚಿನ ತುದಿಯಲ್ಲಿ ಕೂತು ಕೈ ಮುಗಿದದ್ದನ್ನು ನೋಡಲು ನನಗೆ ಕಷ್ಟವಾಯಿತು.

ಧನಿಗಳು ಎದ್ದು ಅಂಗಳದಲ್ಲಿ ಒಣಗುತ್ತಿದ್ದ ಭತ್ತಕ್ಕೆ ಬಂದ ಕೋಳಿ ಓಡಿಸಿದರು. “ನಾನು ನಿಮ್ಮ ಹತ್ರ ಎಂತ ಹೇಳಿದ್ದೇನೆ ವಕೀಲರೇ? ಎಂತದೂ ಹೇಳ್ಲಿಲ್ಲ” ಎಂದರು. ಮತ್ತೆ ಮೆಲ್ಲನೆ, ನೀವು ಮರ್ಯಾದಸ್ಥರು, ನಿಮ್ಮ ಮೇಲೆ ನನಗೆ ಭರವಸೆ ಉಂಟು ಎಂದು ಸೇರಿಸಿದರು. ಅವರು ವ್ಯಂಗ್ಯ ಮಾಡುತ್ತಿರಲಿಲ್ಲ, ನಿಜವಾಗಿಯೂ ಭರವಸೆ ಇತ್ತು. ಅದೇ ನನಗೆ ಹೆಚ್ಚು ಅಸಹ್ಯ ಅನಿಸಿತು.

ಬರುವಾಗ ಬಸ್ಸಿನಲ್ಲಿ ನಾನು ಇನ್ನೊಂದು ದಾರಿ ಹೇಳಿದೆ. ನರಿಕೊಂಬಿನ ಮನೆಯ ಹಿತ್ತಿಲಿನಲ್ಲಿ ಖಾಲಿ ಬಿದ್ದ ಒಂದು ಕೋಣೆ ಇತ್ತು, ಅವಳನ್ನು ಅಲ್ಲಿ ಇರಿಸಿಕೊಳ್ಳಿ ಎಂದೆ. ಅದನ್ನು ಅವರು ಮೊದಲೇ ಯೋಚಿಸಿದ್ದರಂತೆ, ಹೆಂಡತಿಯೂ ಆಗಲಿ ಎಂದಿದ್ದರಂತೆ. ಆದರೆ ಧನಿಗಳ ಹಳೆಯ ವಕೀಲ ಆ ಹೆಂಗಸಿಗೆ ಅನ್ನ ಹಾಕಿದರೆ ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಅದರ ಅರ್ಥ ಒಂದೇ ಆಗುತ್ತದೆ, ಬಾಯಲ್ಲಿ ಹೇಳಬಾರದ್ದನ್ನು ಕೈಯಲ್ಲಿ ಹೇಳಿದ ಹಾಗೆ ಎಂದರು. ವಕಾಲತ್ತು ಬಿಟ್ಟದ್ದೇ ಅರ್ಧ ಹೇಳಿದಂತಾಯಿತೋ ಎಂಬ ಹಿಂಸೆ ಅವರಿಗೆ ಮೊದಲೇ ಇತ್ತು. ಒಂದು ನಿಯಮ ಮನುಷ್ಯನ ದಯೆಯನ್ನೂ ಕಟ್ಟಿಹಾಕುತ್ತದೆ ಎಂದು ಯಾವ ಕಾಲೇಜಿನಲ್ಲಿಯೂ ನನಗೆ ಕಲಿಸಿರಲಿಲ್ಲ.

ವಾರ ಬಿಟ್ಟು ಅವಳು ಬಂದಳು. ಸೀನಿಯರ್ ಅವಳ ಎದುರು ನಿಂತು, ನನಗೆ ಹೇಳುವ ಅಧಿಕಾರ ಇಲ್ಲ ಅಮ್ಮಾ, ಎಂದರು. ನಾನು ಹೇಳಿದರೂ ಹೇಳದಿದ್ದರೂ ನೀವು ನಿಮ್ಮ ಕಣ್ಣು ಕಿವಿಯನ್ನು ನಂಬಿ ಎಂದು ಏನೇನೋ ಹೇಳಲು ನೋಡಿದರು. ಮಾತುಗಾರನಿಗೆ ಮಾತೇ ಕೂಡಿಬರಲಿಲ್ಲ. ಅವಳು ಅವರನ್ನು ಬಹಳ ಮರುಕದಿಂದ ನೋಡಿದಳು.

“ನನ್ನದು ಸರಿ ಇದ್ದಿದ್ರೆ ನೀವು ಹೇಳ್ತಿದ್ರಿ. ನಿಮ್ಮಂಥ ಒಳ್ಳೆಯವರು ಹೇಳದೆ ಇರ್ತಿರ್ಲಿಲ್ಲ. ನನಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೀರಿ. ಆಯ್ತು, ನಾನು ಕಾಣಿಕೆ ಹಾಕ್ತೇನೆ.”

ನಾನು ಎದ್ದು ನಿಂತೆ. ಸೀನಿಯರ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದರು. ಅವರ ತುಟಿ ಅಲ್ಲಾಡಿತು. ಈಗ ಹೇಳುತ್ತಾರೆ ಎಂದುಕೊಂಡೆ... ಹೇಳಲಿಲ್ಲ. ಅವಳು ಮೆಟ್ಟಿಲಿಳಿದು, ಸೆರಗಿನಿಂದ ತಲೆ ಮುಚ್ಚಿಕೊಂಡು, ಪೇಟೆಯ ಬದಿಗೆ ನಡೆದುಹೋದಳು.

ಸಂಕ್ರಮಣದ ದಿನ ಊರವರ ಎದುರು ಅವಳು ಕಾಣಿಕೆ ಇಟ್ಟಳೆಂದು ಅವಳ ವಕೀಲರಿಂದಲೇ ಗೊತ್ತಾಯಿತು. ತಪ್ಪಾಯಿತು ಎಂದು ಗಟ್ಟಿಯಾಗಿ ಹೇಳಿದಳಂತೆ. ಊರು ಅವಳಿಗೆ ಪ್ರಸಾದ ಕೊಟ್ಟಿತು, ನೇಜಿಗೂ ಕರೆಯಿತು. ಅವಳು ಹೋಗಲಿಲ್ಲ. ಚಾರ್ಮಾಡಿ ಘಾಟಿ ಹತ್ತಿ ಕಾಫಿ ತೋಟದ ಕೆಲಸಕ್ಕೆ ಹೋದಳಂತೆ. ಆಮೇಲೆ ಅವಳ ಸುದ್ದಿ ಕೇಳಿದವರಿಲ್ಲ. ಆ ಊರಿನ ಉಳಿದ ಒಕ್ಕಲುಗಳಿಗೆ ಮುಂದೆ ಕಾನೂನು ಬಂದಾಗ ಅವರವರು ಉಳುವ ಗದ್ದೆ ಅವರವರದೇ ಆಯಿತು.

ನನ್ನ ಸೀನಿಯರ್ ವಕೀಲಿ ಬಿಡಲಿಲ್ಲ. ಬಿಟ್ಟಿದ್ದರೆ ಕಥೆಗೆ ಚೆನ್ನಾಗಿತ್ತು, ಆದರೆ ಅವರಿಗೆ ಮನೆ ನಡೆಯಬೇಕಿತ್ತು. ದೋಣಿಯಲ್ಲಿ ಕಥೆ ಹೇಳುವುದನ್ನು ಮಾತ್ರ ಬಿಟ್ಟರು. ಹತ್ತಿದವರು ಮೊದಮೊದಲು ಕೇಳುತ್ತಿದ್ದರು, ಆಮೇಲೆ ಕೇಳುವುದನ್ನು ಬಿಟ್ಟರು. ಧನಿಗಳು ಅವರಿಗಿಂತ ಮೊದಲೇ, ಹಾಸಿಗೆಯಲ್ಲಿ ಸುಖವಾಗಿ ತೀರಿಕೊಂಡರು. ಇನ್ನಾದರೂ ಹೇಳಬಹುದಲ್ಲ ಎಂದು ನಾನು ಕೆದಕಿದ್ದೆ. ಸತ್ತವನು ಅನುಮತಿ ಕೊಡುವುದು ಹೇಗೆ ಎಂದರು. ಅವರ ಕೊನೆಯ ಕಾಯಿಲೆಯಲ್ಲಿ ನಾನು ನೋಡಲು ಹೋದಾಗಲೆಲ್ಲ ಒಂದೇ ಪ್ರಶ್ನೆ, ಘಟ್ಟದ ಮೇಲಿಂದ ಆ ಹೆಂಗಸಿನ ಸುದ್ದಿ ಏನಾದರೂ ಉಂಟಾ ಎಂದು. ಇಲ್ಲ ಎಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ಅರವತ್ತರ ದಶಕ ಮುಗಿಯುವ ಮೊದಲೇ ಅವರೂ ಹೋದರು. ನನಗೆ ಕಸುಬು ಕಲಿಸಿದವರು, ನಗಲು ಕಲಿಸಿದವರು. ಅವರ ಮೇಲೆ ಇರುವ ಪ್ರೀತಿಯೂ ಸಿಟ್ಟೂ ಎರಡೂ ನನ್ನಲ್ಲಿ ಹಾಗೆಯೇ ಉಳಿದಿವೆ.

ಇದನ್ನೆಲ್ಲ ಈಗ ಬರೆಯಲು ಇನ್ನೊಂದು ಕಾರಣವೂ ಇದೆ. ಹೋದ ವರ್ಷ ಬೆಳ್ತಂಗಡಿಯ ಆಚೆ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಆ ದೈವಸ್ಥಾನದ ಜೀರ್ಣೋದ್ಧಾರದ ಓಡಾಟದಲ್ಲಿದ್ದವರು. ದೈವದ ಕಾರಣಿಕ, ಎಂದರೆ ಅದರ ಮಹಿಮೆಯನ್ನು, ಎದುರು ಕೂತ ಹುಡುಗರಿಗೆ ಹೇಳುತ್ತಿದ್ದರು. ಹಿಂದೆ ಒಬ್ಬಳು ಹೆಂಗಸು ಗದ್ದೆಯ ಆಸೆಗೆ ಬಿದ್ದು ಧನಿಗಳ ಮೇಲೆ ಸುಳ್ಳು ಹೊರಿಸಿದಳಂತೆ. ಧನಿಗಳು ಧೈರ್ಯವಾಗಿ ಪ್ರಮಾಣ ಮಾಡಿ ಗೆದ್ದರಂತೆ. ದೈವ ಅವಳನ್ನು ಎಷ್ಟು ಕಾಡಿತೆಂದರೆ, ಕೊನೆಗೆ ಅವಳೇ ಬಂದು ಎಲ್ಲರ ಎದುರು ತಪ್ಪು ಕಾಣಿಕೆ ಹಾಕಿ ಊರು ಬಿಟ್ಟು ಹೋದಳಂತೆ. ಹುಡುಗರು ಉಣ್ಣುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಎಲೆಗೆ ಹಾಕಿದೆ. ಹೇಳೋಣವೆಂದರೆ ಏನೆಂದು ಹೇಳಲಿ? ನನಗೆ ಯಾರೂ ಏನೂ ಹೇಳಿರಲಿಲ್ಲ. ನಾನು ಕಂಡದ್ದು ಒಂದು ಮುಚ್ಚಿದ ಬಾಗಿಲು, ಒಬ್ಬರ ಮುಖ. ಆದರೂ ತಡೆಯಲಾಗಲಿಲ್ಲ. ಆ ಹೆಂಗಸನ್ನು ನಾನು ನೋಡಿದ್ದೇನೆ ಎಂದೆ. ಅವರಿಗೆ ಖುಷಿಯಾಯಿತು. ಹೌದಾ, ಹೇಗಿದ್ದಳು, ಎಂದು ನನ್ನ ಕಡೆಗೆ ತಿರುಗಿ ಕೇಳಿದರು.

ಸುಳ್ಳು ಹೇಳುವವಳ ಹಾಗೆ ಕಾಣುತ್ತಿರಲಿಲ್ಲ ಎಂದೆ.

“ಸುಳ್ಳು ಹೇಳುವವರು ಹಾಗೇ ಇರುವುದಲ್ವಾ ವಕೀಲರೇ, ನಿಮಗೆ ನಾವು ಹೇಳ್ಬೇಕಾ?” ಎಂದರು. ಹುಡುಗರು ನಕ್ಕರು. ನಾನು ಎಲೆ ಮಡಚಿ ಕೈ ತೊಳೆಯಲು ಎದ್ದೆ.